ಚದುರಂಗವೂ ಕ್ರೀಡಾಪದವಿಯೂ

೧

ಕ್ರಿ. ಶ. ೧೯೨೪ನೆಯ ಇಸವಿ ಜುಲೈ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ಎರಡು ಅಂತರರಾಷ್ಟ್ರೀಯ ಕೂಟಗಳು ಏಕಕಾಲದಲ್ಲಿ ನಡೆದುವು. ಒಂದು, ಎಂಟನೆಯ ಒಲಿಂಪಿಕ್ ಕ್ರೀಡಾಮಹೋತ್ಸವ. ಇದನ್ನು ಲೋಕವೆಲ್ಲವೂ ಬಲ್ಲುದು. ಇನ್ನೊಂದು, ಆ ನಗರದ ಮೆಜೆಸ್ಟಿಕ್ ಹೋಟೆಲಿನಲ್ಲಿ ಜುಲೈ ೧೨ರಿಂದ ೨೦ರ ವರೆಗೆ ನೆರೆದ ಚದುರಂಗದಾಟಗಾರರ ಕೂಟ. ೧೮ ದೇಶಗಳ ೫೪ ಮಂದಿ ಆಟಗಾರರು ಅಲ್ಲಿ ಸೇರಿದ್ದರು. ತಮ್ಮ ಕೂಟವೂ ಒಲಿಂಪಿಕ್ ಕೂಟವೇ ಎಂದು ಇವರು ಭಾವಿಸಿದರು. ಆದರೆ ಕ್ರೀಡಾಮಹೋತ್ಸವದ ಅಧಿಕಾರಿಗಳು ಇವರನ್ನು ತಮ್ಮವರೆಂದು ಒಪ್ಪಿಕೊಳ್ಳಲಿಲ್ಲ.

ದೇಹಶ್ರಮವಿಲ್ಲದ ಆಟವಾದುದರಿಂದ ಚದುರಂಗವನ್ನು ಹೊರಗಿಟ್ಟರು ಎಂದು ಇದಕ್ಕೆ ಸಾಮಾನ್ಯವಾಗಿ ಸಮಾಧಾನ ಹೇಳುವುದುಂಟು. ಈ ಸಮಾಧಾನವು ಆ ಕಾಲದ ಸಂಗತಿಗಳಿಗೆ ಹೊಂದುವುದಿಲ್ಲ. ಏಕೆಂದರೆ ಅದೇ ಪ್ಯಾರಿಸ್ ಮಹೋತ್ಸವದಲ್ಲಿ ಸಾಹಿತ್ಯ, ಸಂಗೀತ, ಚಿತ್ರ, ಶಿಲ್ಪ, ವಾಸ್ತು ಎಂಬ ಐದು ಕಲೆಗಳಿಗೂ ಸ್ಪರ್ಧೆಗಳು ಏರ್ಪಟ್ಟಿದ್ದುವು. ೧೯೧೨ರ ಸ್ಟಾಕ್‌ಹೋಮ್ ಕೂಟದಲ್ಲಿ ಆರಂಭವಾದ ಈ ಪದ್ಧತಿಯು ೧೯೪೮ರ ಲಂಡನ್ ಕೂಟದ ವರೆಗೂ ನಡೆದುಬಂದಿತು. ಆಧುನಿಕ ಒಲಿಂಪಿಕ್ ಕ್ರೀಡೆಗಳ ಪ್ರವರ್ತಕನಾದ ಕೂಬರ್ತಾನ್ ಮಹಾಶಯನೇ ೧೯೧೨ರಲ್ಲಿ ಗುಪ್ತನಾಮದಿಂದ ಒಂದು ಕವಿತೆಯನ್ನು ಕಳುಹಿಸಿ ಸಾಹಿತ್ಯಕ್ಕೆ ಮೀಸಲಾದ ಸುವರ್ಣಪದಕವನ್ನು ಪಡೆದಿದ್ದನು. ಕವಿತೆ ಬರೆಯುವುದರಲ್ಲಿ ಇಲ್ಲದ ದೇಹಶ್ರಮವನ್ನು ಚದುರಂಗದಿಂದ ಮಾತ್ರ ಅಪೇಕ್ಷಿಸುವುದು ನ್ಯಾಯವಲ್ಲವಷ್ಟೆ. ಆದುದರಿಂದ ಚದುರಂಗವು ಹೊರಗುಳಿದುದಕ್ಕೆ ಬೇರೊಂದು ಕಾರಣವಿದ್ದಿರಬೇಕು. ಆ ಕಾರಣವನ್ನು ವಿಚಾರಿಸಿ, ಅಲ್ಲಿಂದ ಈಚೆಗೆ ಚದುರಂಗವು ಕ್ರೀಡೆಯೆಂಬ ಪದವಿಗಾಗಿ ನಡೆಸಿದ ಯತ್ನಗಳನ್ನೂ, ಆ ಯತ್ನಗಳಿಗೆ ತೆತ್ತ ಬೆಲೆಯನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

೨

ವಿಷಯಪ್ರವೇಶಕ್ಕೆ ಮುನ್ನ ಶಬ್ದದ ವಿಚಾರವಾಗಿ ಒಂದು ಮಾತನ್ನು ಹೇಳಬೇಕಾಗಿದೆ. ನಮ್ಮ ಭಾಷೆಯಲ್ಲಿ ‘ಆಟ’ ಎಂಬ ಪದವು ಚೆಂಡಾಟಕ್ಕೂ ಪಗಡೆಯಾಟಕ್ಕೂ ಬಯಲಾಟಕ್ಕೂ ಸಮಾನವಾಗಿ ಸಲ್ಲುತ್ತದೆ. ಸಂಸ್ಕೃತದ ‘ಕ್ರೀಡಾ’ ಶಬ್ದವೂ ಹೀಗೆಯೇ ವಿಶಾಲವಾದುದು. ಕಲ್ಯಾಣದ ಚಾಲುಕ್ಯ ದೊರೆಯಾದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವು ಐದು ವಿಂಶತಿಗಳಾಗಿ ವಿಭಾಗಗೊಂಡಿದೆ. ಅವುಗಳಲ್ಲಿ ಮಲ್ಲರ ಕಾಳಗವು ನಾಲ್ಕನೆಯದಾದ ವಿನೋದವಿಂಶತಿಯಲ್ಲಿಯೂ, ಚತುರಂಗವು ಐದನೆಯದಾದ ಕ್ರೀಡಾವಿಂಶತಿಯಲ್ಲಿಯೂ ವರ್ಣಿತವಾಗಿವೆ. ಮಲ್ಲಯುದ್ಧವು ವಿನೋದವಾಗಿ, ಚತುರಂಗವು ಕ್ರೀಡೆಯಾಗಿರುವ ಈ ವಿಂಗಡಣೆಯು ಇಂದಿನ ಒಲಿಂಪಿಕ್ ವ್ಯವಸ್ಥೆಗೆ ತೀರ ವಿಪರೀತವಾಗಿ ತೋರುವುದು. ಇದರಿಂದ ಸೋಮೇಶ್ವರನು ಚತುರಂಗಕ್ಕೆ ಇಂದಿನ ಅರ್ಥದಲ್ಲಿ ಕ್ರೀಡಾಪದವಿಯನ್ನು ಕೊಟ್ಟನೆಂದು ಸಾಧಿಸಹೊರಡುವುದು ಸರಿಯಲ್ಲ. ಅರಸನು ನೋಡಿ ಆನಂದಿಸುವುದು, ತಾನೇ ಆಡಿ ಆನಂದಿಸುವುದು ಎಂಬ ಭೇದವೇ ಅಲ್ಲಿ ಪ್ರಧಾನವಾಗಿರುವಂತೆ ಕಾಣುತ್ತದೆ. ಆದರೆ ಇಷ್ಟು ಮಾತ್ರ ಸ್ಪಷ್ಟ: ಯಾವುದು ಕ್ರೀಡೆ, ಯಾವುದು ಅಲ್ಲ ಎಂಬ ಗೆರೆಯು ಪ್ರಕೃತಿಯು ಎಳೆದುದಲ್ಲ, ಗೆರೆ ಎಳೆಯುವವರ ಪ್ರಯೋಜನವನ್ನು ಅನುಸರಿಸಿ ಅದು ಸ್ಥಾನವನ್ನು ಬದಲಾಯಿಸುತ್ತದೆ. ಚದುರಂಗದ ಈಚಿನ ನೂರು ವರ್ಷಗಳ ಚರಿತ್ರೆಯು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

೩

ಅಂದಿನ ಒಲಿಂಪಿಕ್ ನಿಯಮದಲ್ಲಿ ಎಲ್ಲಕ್ಕೂ ಮಿಗಿಲಾದುದು ಹವ್ಯಾಸಿತನದ ಕಟ್ಟಳೆ. ಆಟದಿಂದ ಹಣವನ್ನು ಗಳಿಸಿದವನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅಮೆರಿಕಾದ ಜಿಮ್ ಥಾರ್ಪ್ ಎಂಬುವನು ೧೯೧೨ರಲ್ಲಿ ಎರಡು ಸುವರ್ಣಪದಕಗಳನ್ನು ಗೆದ್ದಿದ್ದರೂ, ಅದಕ್ಕೆ ಹಿಂದೆ ಸ್ವಲ್ಪ ಹಣಕ್ಕಾಗಿ ಬೇಸ್‌ಬಾಲ್ ಆಡಿದ್ದನೆಂಬ ಕಾರಣದಿಂದ ೧೯೧೩ರಲ್ಲಿ ಅವುಗಳನ್ನು ಕಳೆದುಕೊಂಡನು. ಚದುರಂಗದ ಸ್ಥಿತಿಯಾದರೋ ಇದಕ್ಕೆ ವಿರುದ್ಧವಾಗಿದ್ದಿತು. ಆ ಕಾಲದ ಶ್ರೇಷ್ಠ ಆಟಗಾರರು ಪಂದ್ಯಗಳ ಬಹುಮಾನ, ಪತ್ರಿಕಾಲೇಖನ, ಅನೇಕರೊಡನೆ ಏಕಕಾಲದಲ್ಲಿ ಆಡಿ ತೋರಿಸುವ ಪ್ರದರ್ಶನ ಇವುಗಳಿಂದಲೇ ಜೀವನವನ್ನು ಸಾಗಿಸುತ್ತಿದ್ದರು. ಅವರನ್ನು ಸೇರಿಸಿಕೊಂಡರೆ ಕೂಟವು ಒಲಿಂಪಿಕ್ ಆಗದು. ಬಿಟ್ಟರೆ ಆ ಕೂಟದ ವಿಜೇತನನ್ನು ಲೋಕವು ವಿಜೇತನೆಂದು ಎಣಿಸದು. ಚದುರಂಗವನ್ನು ೧೯೨೪ರ ಮಹೋತ್ಸವದಲ್ಲಿ ಸೇರಿಸಬೇಕೆಂಬ ಯತ್ನವು ಈ ತೊಡಕಿನಿಂದಲೇ ಮುರಿದುಬಿದ್ದಿತು.

ಕಲಾಸ್ಪರ್ಧೆಗಳ ಕಡೆಗಾಲವೂ ಇದನ್ನೇ ಸಮರ್ಥಿಸುತ್ತದೆ. ಸ್ಪರ್ಧಿಸುವ ಕಲಾವಿದರು ಬಹುಮಟ್ಟಿಗೆ ಎಲ್ಲರೂ ವೃತ್ತಿಗಾರರೆಂಬ ಆಕ್ಷೇಪಣೆಯು ೧೯೪೯ರಲ್ಲಿ ಒಲಿಂಪಿಕ್ ಸಮಿತಿಯ ಮುಂದೆ ಬಂದು, ಆ ಬಳಿಕ ಸ್ಪರ್ಧೆಗಳು ಕೇವಲ ಪ್ರದರ್ಶನಗಳಾಗಿ ಮಾರ್ಪಟ್ಟುವು. ಚದುರಂಗವನ್ನು ಒಳಗೆ ಬಿಡದ ನಿಯಮವೇ ಕಾಲು ಶತಮಾನದ ಮೇಲೆ ಕವಿಗಳನ್ನೂ ಹೊರಗೆ ಕಳುಹಿಸಿತು. ಆ ಕಾಲದಲ್ಲಿ ಪ್ರಶ್ನೆಯಿದ್ದುದು ಬುದ್ಧಿಗೂ ದೇಹಕ್ಕೂ ನಡುವೆ ಅಲ್ಲ, ಹವ್ಯಾಸಕ್ಕೂ ಜೀವನೋಪಾಯಕ್ಕೂ ನಡುವೆ ಎಂಬುದು ಇದರಿಂದ ವ್ಯಕ್ತವಾಗುವುದು.

ನಿರಾಕೃತರಾದ ಚದುರಂಗದವರು ಸುಮ್ಮನಿರಲಿಲ್ಲ. ಕೂಟದ ಕಡೆಯ ದಿನವಾದ ಜುಲೈ ೨೦ರಂದು ೧೫ ದೇಶಗಳ ಪ್ರತಿನಿಧಿಗಳು ಅಂತರರಾಷ್ಟ್ರೀಯ ಚದುರಂಗ ಸಂಘವನ್ನು ಸ್ಥಾಪಿಸಿದರು. ಅದರ ಫ್ರೆಂಚ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಫಿಡೆ’ ಎಂದು ಕರೆಯುವುದು ರೂಢಿಯಾಗಿದೆ. ಹಾಲೆಂಡಿನ ಅಲೆಕ್ಸಾಂಡರ್ ರೂಬ್ ಎಂಬುವನು ಮೊದಲ ಅಧ್ಯಕ್ಷನಾಗಿ ೧೯೪೯ರ ವರೆಗೂ ಆ ಸ್ಥಾನದಲ್ಲಿದ್ದನು. ಸ್ಥಾಪಕ ದೇಶಗಳಲ್ಲಿ ಅರ್ಜೆಂಟೀನಾ, ಕೆನಡಾ ಇವೆರಡನ್ನು ಬಿಟ್ಟರೆ ಉಳಿದುವೆಲ್ಲವೂ ಯೂರೋಪಿನವು. ಯುದ್ಧದಲ್ಲಿ ಸೋತ ಜರ್ಮನಿಯಾಗಲಿ, ಕ್ರಾಂತಿಯಾಗಿದ್ದ ರಷ್ಯವಾಗಲಿ, ಆಟದ ತವರಾದ ಭಾರತವಾಗಲಿ ಆ ಪಟ್ಟಿಯಲ್ಲಿಲ್ಲ. ಒಲಿಂಪಿಕ್ ಸಮಿತಿಯು ಅಂದು ಚದುರಂಗವನ್ನು ಒಪ್ಪಿದ್ದರೆ ಈ ಸಂಘವು ಹೀಗೆ ಸ್ವತಂತ್ರವಾಗಿ ಬೆಳೆಯುತ್ತಿದ್ದಿತೇ ಎಂಬುದು ಸಂದೇಹ. ನಿರಾಕರಣವೇ ಇಲ್ಲಿ ಜನ್ಮಕಾರಣವಾಯಿತು.

೪

ಸಂಘವು ಹುಟ್ಟಿತಾದರೂ ಅದರ ಕೈಯಲ್ಲಿ ಅಧಿಕಾರವಿರಲಿಲ್ಲ. ವಿಶ್ವವಿಜೇತನೆಂಬ ಬಿರುದು ಆಗ ಬಿರುದುಳ್ಳವನ ಖಾಸಗಿ ಸೊತ್ತಿನಂತೆ ಇದ್ದಿತು. ಕ್ಯೂಬಾ ದೇಶದ ಕಾಪಾಬ್ಲಾಂಕಾ ಎಂಬ ವಿಜೇತನು ೧೯೨೨ರಲ್ಲಿ ಏರ್ಪಡಿಸಿದ ಲಂಡನ್ ನಿಯಮಗಳ ಪ್ರಕಾರ ವಿಜೇತನನ್ನು ಪಂದ್ಯಕ್ಕೆ ಕರೆಯುವವನು ೧೦,೦೦೦ ಡಾಲರುಗಳ ನಿಧಿಯನ್ನು ಒದಗಿಸಬೇಕಾಗಿದ್ದಿತು. ೧೯೨೭ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಅವನನ್ನು ಸೋಲಿಸಿದ ಆಲೆಖಿನನು ಸೋತವನಿಗೆ ಮರುಪಂದ್ಯವನ್ನು ಕೊಡಲೇ ಇಲ್ಲ. ಇದರಲ್ಲಿ ಫಿಡೆಯು ನೋಡುತ್ತಿರುವುದರ ಹೊರತು ಏನನ್ನೂ ಮಾಡಲಾರದೆ ಹೋಯಿತು.

ಆದುದರಿಂದ ಸಂಘವು ತನಗೆ ಎಟುಕುವ ಕೆಲಸಗಳನ್ನು ಕೈಕೊಂಡಿತು. ೧೯೨೭ರಲ್ಲಿ ಲಂಡನ್ನಿನಲ್ಲಿ ೧೬ ರಾಷ್ಟ್ರಗಳ ತಂಡಗಳನ್ನು ಕೂಡಿಸಿ ಮೊದಲನೆಯ ಚದುರಂಗ ಒಲಿಂಪಿಯಾಡನ್ನು ನಡೆಸಿತು, ಹಂಗೆರಿಯು ಗೆದ್ದಿತು. ಅಲ್ಲಿಯೇ ಅದೇ ಸಮಯದಲ್ಲಿ ಸ್ತ್ರೀಯರ ವಿಶ್ವಸ್ಪರ್ಧೆಯೂ ನಡೆದು, ವೆರಾ ಮೆಂಚಿಕ್ ಎಂಬ ತರುಣಿಯು ವಿಜೇತೆಯಾದಳು. ಪುರುಷರ ಬಿರುದಿನ ಮೇಲೆ ಸಂಘಕ್ಕೆ ಹತೋಟಿ ದೊರೆತುದು ಇದಾದ ೨೧ ವರ್ಷಗಳ ಮೇಲೆ. ಸಂಘದ ಅಧಿಕಾರವು ಮೊದಲು ವೇದ್ಯವಾದುದು ಸ್ತ್ರೀಯರ ಸ್ಪರ್ಧೆಯಲ್ಲಿ ಎಂಬ ಈ ಅಂಶವನ್ನು ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲ.

ಒಲಿಂಪಿಕ್ ಆಸೆಯನ್ನು ಸಂಘವು ಒಡನೆಯೇ ಬಿಡಲಿಲ್ಲ. ಆಮ್‌ಸ್ಟರ್‌ಡಾಮ್ ಒಲಿಂಪಿಕ್ ನಡೆದ ೧೯೨೮ರಲ್ಲಿಯೇ ಹೇಗ್ ನಗರದಲ್ಲಿ ಹವ್ಯಾಸಿಗಳಿಗೆ ಮಾತ್ರ ಸ್ಪರ್ಧೆಯನ್ನು ಏರ್ಪಡಿಸಿತು. ಹಾಲೆಂಡಿನ ಗಣಿತದ ಉಪಾಧ್ಯಾಯನಾದ ಮಾಕ್ಸ್ ಯೂವೆ ಹವ್ಯಾಸಿಗಳ ವಿಶ್ವವಿಜೇತನಾದನು. ಇವನೇ ೧೯೩೫ರಲ್ಲಿ ಆಲೆಖಿನನನ್ನು ಸೋಲಿಸಿ ಎರಡು ವರ್ಷ ಸಕಲರ ವಿಶ್ವವಿಜೇತನಾಗಿದ್ದನೆಂಬುದನ್ನು ನೆನೆದರೆ, ಹವ್ಯಾಸಿ ವೃತ್ತಿಗಾರ ಎಂಬ ವಿಭಾಗವು ಚದುರಂಗದಲ್ಲಿ ಎಷ್ಟು ಕೃತಕವಾದುದೆಂಬುದು ತಿಳಿಯುವುದು. ೧೯೩೦ರ ಹ್ಯಾಂಬರ್ಗ್ ಒಲಿಂಪಿಯಾಡಿನಲ್ಲಿ ಈ ವಿಭಾಗವನ್ನು ಕೈಬಿಟ್ಟು ಎಲ್ಲರಿಗೂ ಬಾಗಿಲನ್ನು ತೆರೆದರು. ಆಲೆಖಿನನು ಫ್ರಾನ್ಸಿನ ಪರವಾಗಿ ಆಡಿದನು. ಇಂಗ್ಲೆಂಡಿನ ಮೊದಲನೆಯ ಹಲಗೆಯಲ್ಲಿ ಕುಳಿತವನು ಪಂಜಾಬಿನ ಮೀರ್ ಸುಲ್ತಾನ್ ಖಾನ್. ಸರ್ ಉಮರ್ ಹಯಾತ್ ಖಾನನ ಆಶ್ರಯದಲ್ಲಿದ್ದ ಈತನು ೧೯೨೯, ೧೯೩೨, ೧೯೩೩ ಈ ಮೂರು ವರ್ಷಗಳಲ್ಲಿ ಬ್ರಿಟಿಷ್ ವಿಜೇತನಾಗಿ, ಆ ಬಳಿಕ ಸ್ವದೇಶಕ್ಕೆ ಹಿಂದಿರುಗಿ ಲೋಕದ ಕಣ್ಣಿನಿಂದ ಮರೆಯಾದನು. ಇವನ ವಿಷಯಕ್ಕೆ ಮುಂದೆ ಮತ್ತೆ ಬರಬೇಕಾಗುವುದು.

ಆಲೆಖಿನನು ೧೯೪೬ರ ಮಾರ್ಚಿಯಲ್ಲಿ ಪೋರ್ಚುಗಲ್ ದೇಶದ ಎಸ್ತೋರಿಲ್‌ನಲ್ಲಿ ಬಿರುದನ್ನು ಹೊತ್ತಿರುವಾಗಲೇ ತೀರಿಕೊಂಡನು. ಒಡೆಯನಿಲ್ಲದ ಸೊತ್ತು ಸಂಘದ ಕೈಗೆ ಬಂದಿತು. ೧೯೪೮ರಲ್ಲಿ ಹೇಗ್ ಮತ್ತು ಮಾಸ್ಕೋ ನಗರಗಳಲ್ಲಿ ಐವರು ಆಟಗಾರರ ಸ್ಪರ್ಧೆಯನ್ನು ನಡೆಸಿ, ಅದರಲ್ಲಿ ಗೆದ್ದ ಬೋಟ್ವಿನ್ನಿಕ್‌ನನ್ನು ವಿಜೇತನೆಂದು ಸಾರಲಾಯಿತು. ೧೯೫೦ರಲ್ಲಿ ಸಂಘವು ೨೭ ಮಂದಿಗೆ ಗ್ರಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟಿತು. ತಾನೇ ಮಾನ್ಯತೆಯನ್ನು ಬೇಡುತ್ತಿದ್ದ ಸಂಸ್ಥೆಯು ಇತರರಿಗೆ ಮಾನ್ಯತೆಯನ್ನು ಕೊಡುವ ಸ್ಥಾನಕ್ಕೆ ಏರಿದುದು ಹೀಗೆ. ಆ ೨೭ ಹೆಸರುಗಳಲ್ಲಿ ಸುಲ್ತಾನ್ ಖಾನನ ಹೆಸರಿರಲಿಲ್ಲ.

೫

ಒಲಿಂಪಿಕ್ ಸಮಿತಿಯು ಕೊಡದ ಮಾನ್ಯತೆಯನ್ನು ಚದುರಂಗಕ್ಕೆ ಮೊದಲು ಕೊಟ್ಟುದು ಒಂದು ರಾಜ್ಯಶಕ್ತಿ. ಸೋವಿಯತ್ ಸರಕಾರವು ೧೯೨೪ರಲ್ಲಿ ಚದುರಂಗವನ್ನು ಶಾರೀರಿಕ ಶಿಕ್ಷಣದ ಉಚ್ಚಮಂಡಲಿಯ ಆಡಳಿತಕ್ಕೆ ಸೇರಿಸಿತು. ೧೯೨೫ರಲ್ಲಿ ಸರಕಾರದ ವೆಚ್ಚದಿಂದಲೇ ಮಾಸ್ಕೋವಿನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ನಡೆಸಿತು. ಈ ಕಾರ್ಯದ ಮುಖಂಡನು ನ್ಯಾಯಾಂಗದ ಪ್ರಬಲ ಅಧಿಕಾರಿಯಾದ ಕ್ರಿಲೆಂಕೊ. ಚದುರಂಗವನ್ನು ದೇಹಶಿಕ್ಷಣದ ಅಂಗವೆಂದು ಎಣಿಸಿದ ಈ ದೇಶವು ೧೯೪೭ರ ವರೆಗೆ ಫಿಡೆಯ ಹೊರಗೇ ಉಳಿದುದು ಗಮನಾರ್ಹ. ಸರಕಾರದ ಆಶ್ರಯದಿಂದ ಆಟವು ಬೆಳೆಯಿತು. ಆಶ್ರಯದ ನೆರಳು ಎಂತಹುದೆಂಬುದಕ್ಕೆ ಕ್ರಿಲೆಂಕೊವಿನ ಗತಿಯೇ ಸಾಕ್ಷಿ. ೧೯೩೮ರಲ್ಲಿ ಅವನು ತನ್ನ ಸರಕಾರದ ಗುಂಡಿಗೇ ಬಲಿಯಾದನು.

೧೯೫೨ರಲ್ಲಿ ಹೆಲ್ಸಿಂಕಿ ನಗರದಲ್ಲಿ ಸೋವಿಯತ್ ದೇಶವು ಒಲಿಂಪಿಕ್ ಕ್ರೀಡೆಗಳಿಗೆ ಮೊದಲ ಸಲ ಬಂದಿತು. ಆ ಕೂಟವು ಆಗಸ್ಟ್ ೩ರಂದು ಮುಗಿಯಿತು. ಅದೇ ನಗರದಲ್ಲಿ ಅದೇ ತಿಂಗಳಿನಲ್ಲಿ ಚದುರಂಗ ಒಲಿಂಪಿಯಾಡು ಆರಂಭವಾಯಿತು. ಅಲ್ಲಿಗೂ ಸೋವಿಯತ್ ತಂಡವು ಮೊದಲ ಸಲ ಬಂದು ಗೆದ್ದುಕೊಂಡು ಹೋಯಿತು. ಎರಡು ಕೂಟಗಳನ್ನೂ ಆ ಸರಕಾರವು ಒಂದೇ ದೃಷ್ಟಿಯಿಂದ ನೋಡಿತೆಂಬುದರಲ್ಲಿ ಸಂದೇಹವಿಲ್ಲ. ೧೯೭೨ರಲ್ಲಿ ರೇಕ್ಯಾವಿಕ್‌ನಲ್ಲಿ ಅಮೆರಿಕಾದ ಫಿಷರನು ಸ್ಪಾಸ್ಕಿಯನ್ನು ಸೋಲಿಸಿದಾಗ ಲೋಕದ ಪತ್ರಿಕೆಗಳು ಅದನ್ನು ಎರಡು ರಾಷ್ಟ್ರಗಳ ಕಾಳಗದಂತೆ ವರ್ಣಿಸಿದುದಕ್ಕೆ ಇದೇ ಹಿನ್ನೆಲೆ.

ರಾಷ್ಟ್ರಗಳ ಆಟವಾದ ಮೇಲೆ ರಾಷ್ಟ್ರಗಳ ಜಗಳವೂ ಹಲಗೆಯ ಮೇಲೆ ಬರುವುದು ಅನಿವಾರ್ಯ. ೧೯೩೯ರ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಒಲಿಂಪಿಯಾಡು ನಡೆಯುತ್ತಿದ್ದಾಗಲೇ ಯೂರೋಪಿನಲ್ಲಿ ಯುದ್ಧವು ಆರಂಭವಾಯಿತು. ಇಂಗ್ಲೆಂಡಿನ ತಂಡವು ಊರಿಗೆ ಹೊರಟುಹೋಯಿತು. ಶತ್ರುದೇಶಗಳ ತಂಡಗಳು ಎದುರುಬದುರಾಗಿ ಕುಳಿತುಕೊಳ್ಳಬಾರದೆಂದು ಕೆಲವು ಪಂದ್ಯಗಳನ್ನು ಆಡದೆಯೇ ಸಮವೆಂದು ಬರೆದುಕೊಂಡರು. ಪೋಲೆಂಡಿನ ನಾಯ್‌ಡೋರ್ಫ್ ಮೊದಲಾದ ಅನೇಕ ಆಟಗಾರರು ಅರ್ಜೆಂಟೀನಾದಲ್ಲಿಯೇ ಉಳಿದುಬಿಟ್ಟರು. ಪೋಲೆಂಡಿನಲ್ಲಿದ್ದ ಅವನ ಕುಟುಂಬದವರು ನಾಜಿಗಳ ಕೈಯಲ್ಲಿ ಹತರಾದರು. ೧೯೭೬ರಲ್ಲಿ ಇಸ್ರೇಲಿನ ಹೈಫಾದಲ್ಲಿ ಒಲಿಂಪಿಯಾಡು ಸೇರಿದಾಗ ಸೋವಿಯತ್ ಬಣದವರೂ ಅರಬ್ಬೀ ದೇಶದವರೂ ಬರಲಿಲ್ಲ. ಅದಕ್ಕೆ ಪ್ರತಿಯಾಗಿ ಲಿಬಿಯಾದ ಟ್ರಿಪೊಲಿಯಲ್ಲಿ ಬೇರೊಂದು ಕೂಟವು ನಡೆಯಿತು. ‘ನಾವೆಲ್ಲ ಒಂದೇ ಕುಲ’ ಎಂಬರ್ಥದ ಲ್ಯಾಟಿನ್ ಮಾತನ್ನು ಧ್ಯೇಯವಾಗಿ ಉಳ್ಳ ಸಂಘಕ್ಕೆ ಇದು ಕಠಿಣ ಪರೀಕ್ಷೆಯಾಗಿದ್ದಿತು. ಆ ಪರೀಕ್ಷೆಯನ್ನು ಎದುರಿಸಿದ ಅಧ್ಯಕ್ಷನು ೧೯೨೮ರ ಹವ್ಯಾಸಿಗಳ ವಿಜೇತನಾದ ಅದೇ ಯೂವೆ ಎಂಬುದು ಚರಿತ್ರೆಯ ಒಂದು ಸೋಜಿಗ.

ಸಂಘದಲ್ಲಿ ದೇಶ ಚಿಕ್ಕದಾಗಲಿ ದೊಡ್ಡದಾಗಲಿ ಒಂದಕ್ಕೆ ಒಂದೇ ಮತ. ಏಷ್ಯ ಆಫ್ರಿಕಗಳ ಹೊಸ ರಾಷ್ಟ್ರಗಳು ಸೇರುತ್ತಾ ಬಂದಂತೆ ಅಧಿಕಾರದ ತೂಕವು ಯೂರೋಪಿನಿಂದ ಜರುಗಿತು. ೧೯೮೨ರಲ್ಲಿ ಫಿಲಿಪೈನ್ಸಿನ ಕಾಂಪೊಮಾನೆಸ್ ಅಧ್ಯಕ್ಷನಾದನು. ಯೂರೋಪಿನ ಹೊರಗಿನಿಂದ ಬಂದವರಲ್ಲಿ ಇವನೇ ಮೊದಲಿಗ. ಬಹುರಾಷ್ಟ್ರಗಳ ಬೆಂಬಲದಿಂದ ಬಂದ ಅಧಿಕಾರವು ಆಟಗಾರರ ವಿಶ್ವಾಸವನ್ನೂ ಪಡೆಯಿತೆಂದು ಹೇಳಲಾಗದು. ೧೯೮೫ರ ಫೆಬ್ರವರಿ ೧೫ರಂದು ಕಾರ್ಪೋವ್ ಕಾಸ್ಪರೋವರ ಪಂದ್ಯವನ್ನು ೪೮ ಆಟಗಳಾದ ಮೇಲೆ, ಕಾರ್ಪೋವನು ಐದು ಮೂರರಿಂದ ಮುಂದಿರುವಾಗ, ಇವನು ನಿರ್ಣಯವಿಲ್ಲದೆ ನಿಲ್ಲಿಸಿಬಿಟ್ಟನು. ಅಂದು ಹುಟ್ಟಿದ ವೈಮನಸ್ಯವು ಎಂಟು ವರ್ಷಗಳ ಮೇಲೆ ಸಂಘವನ್ನೇ ಸೀಳಿತು. ೧೯೯೩ರಲ್ಲಿ ಕಾಸ್ಪರೋವನೂ ಇಂಗ್ಲೆಂಡಿನ ಶಾರ್ಟನೂ ಸಂಘವನ್ನು ಬಿಟ್ಟು ಲಂಡನ್ನಿನಲ್ಲಿ ತಮ್ಮ ಪಂದ್ಯವನ್ನು ಆಡಿಕೊಂಡರು. ಸಂಘವು ಕಾರ್ಪೋವ್ ಟಿಮ್ಮನ್ ಇವರನ್ನು ಆಡಿಸಿ ಬೇರೊಬ್ಬ ವಿಜೇತನನ್ನು ಮಾಡಿತು. ಬಿರುದು ಮತ್ತೆ ಖಾಸಗಿ ಸೊತ್ತಾಯಿತು.

೬

ಇಂತಹ ಒಡಕಿನ ಕಾಲದಲ್ಲಿಯೇ ಹಳೆಯ ಆಸೆಯು ಫಲಿಸಿದುದು ಆಶ್ಚರ್ಯ. ೧೯೯೫ರಲ್ಲಿ ಅಧ್ಯಕ್ಷನಾದ ಇಲ್ಯೂಮ್ಜಿನೋವನು ರಷ್ಯದೊಳಗಿನ ಕಲ್ಮಿಕಿಯಾ ಪ್ರಾಂತದ ಅಧಿಪತಿಯೂ ಆಗಿದ್ದನು. ಒಲಿಂಪಿಕ್ ಪ್ರವೇಶವನ್ನು ಇವನು ತನ್ನ ಮುಖ್ಯ ಗುರಿಯಾಗಿ ಇಟ್ಟುಕೊಂಡನು. ೧೯೯೯ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಫಿಡೆಗೆ ಮಾನ್ಯತೆಯನ್ನು ಕೊಟ್ಟಿತು. ೨೦೦೦ದ ಸಿಡ್ನಿ ಒಲಿಂಪಿಕ್ ಸಂದರ್ಭದಲ್ಲಿ ನಮ್ಮ ದೇಶದ ವಿಶ್ವನಾಥನ್ ಆನಂದರೂ ಸ್ಪೇನಿನ ಶಿರೋವನೂ ಪ್ರದರ್ಶನದ ಆಟಗಳನ್ನು ಆಡಿದರು. ಆ ವರ್ಷದ ಕೊನೆಯಲ್ಲಿ ಇವರಿಬ್ಬರೇ ಟೆಹರಾನ್ ನಗರದಲ್ಲಿ ಸಂಘದ ವಿಶ್ವಬಿರುದಿಗಾಗಿ ಎದುರಾಗಿ ಆನಂದರು ಗೆದ್ದರು. ಅದೇ ವರ್ಷ ಲಂಡನ್ನಿನಲ್ಲಿ ಕ್ರಾಮ್ನಿಕನು ಕಾಸ್ಪರೋವನನ್ನು ಸೋಲಿಸಿ ಇನ್ನೊಬ್ಬ ವಿಶ್ವವಿಜೇತನಾದನು. ಇಬ್ಬರು ವಿಜೇತರಿದ್ದ ಆಟಕ್ಕೆ ಒಂದೇ ಸಂಸ್ಥೆಯನ್ನು ಪ್ರತಿನಿಧಿಯೆಂದು ಒಲಿಂಪಿಕ್ ಸಮಿತಿಯು ಒಪ್ಪಿಕೊಂಡಿದ್ದಿತು. ಎರಡು ಬಿರುದುಗಳು ಕೂಡಿದುದು ೨೦೦೬ರಲ್ಲಿ ಎಲಿಸ್ತಾ ಪಟ್ಟಣದಲ್ಲಿ ಕ್ರಾಮ್ನಿಕನು ತೊಪಲೋವನನ್ನು ಸೋಲಿಸಿದ ಮೇಲೆ.

ಮಾನ್ಯತೆಯು ಬಂದಿತು, ಪ್ರವೇಶವು ಬರಲಿಲ್ಲ. ಈ ಎರಡರ ಅಂತರವನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಮಾನ್ಯತೆಯೆಂದರೆ ಸಂಸ್ಥೆಯನ್ನು ಒಪ್ಪುವುದು. ಪ್ರವೇಶವೆಂದರೆ ಆಟವನ್ನು ಪದಕಗಳ ಪಟ್ಟಿಯಲ್ಲಿ ಸೇರಿಸುವುದು. ೨೦೦೨ರಲ್ಲಿ ಒಲಿಂಪಿಕ್ ಕಾರ್ಯಕ್ರಮವನ್ನು ಪರಿಶೀಲಿಸಿದ ಮಂಡಲಿಯು, ಬುದ್ಧಿಕ್ರೀಡೆಗಳು ತಮ್ಮ ಸ್ವಭಾವದಿಂದಲೇ ಕಾರ್ಯಕ್ರಮಕ್ಕೆ ಯೋಗ್ಯವಲ್ಲವೆಂದು ಅಭಿಪ್ರಾಯಪಟ್ಟಿತು. ಹವ್ಯಾಸಿತನದ ಹಳೆಯ ಕಟ್ಟಳೆಯಾದರೋ ೧೯೭೦ರ ದಶಕದಿಂದ ಸಡಿಲಗೊಳ್ಳುತ್ತಾ ಬಂದು ೧೯೮೦ರ ದಶಕದಲ್ಲಿ ಬಹುಮಟ್ಟಿಗೆ ಅಳಿದುಹೋಗಿದ್ದಿತು. ಮೊದಲನೆಯ ತಡೆಯು ಬಿದ್ದುಹೋದ ಮೇಲೆ ಎರಡನೆಯ ತಡೆಯು ಎದ್ದಿತು. ೧೯೨೪ರಲ್ಲಿ ‘ನೀವು ಹಣಕ್ಕಾಗಿ ಆಡುವವರು’ ಎಂಬ ಕಾರಣ. ೨೦೦೨ರಲ್ಲಿ ‘ನೀವು ಕುಳಿತು ಆಡುವವರು’ ಎಂಬ ಕಾರಣ.

ದೊರೆತ ಅರ್ಧಮಾನ್ಯತೆಗೂ ಬೆಲೆಯನ್ನು ತೆರಬೇಕಾಯಿತು. ಒಲಿಂಪಿಕ್ ಸಮಿತಿಯ ನಿಯಮಕ್ಕೆ ಅನುಸಾರವಾಗಿ ಚದುರಂಗದವರೂ ಉತ್ತೇಜಕ ದ್ರವ್ಯಗಳ ಪರೀಕ್ಷೆಗೆ ಒಳಪಡಬೇಕೆಂದು ಸಂಘವು ವಿಧಿಸಿತು. ಯಾವ ದ್ರವ್ಯವು ಚದುರಂಗದ ಬುದ್ಧಿಯನ್ನು ಹರಿತಗೊಳಿಸೀತು ಎಂಬ ಪ್ರಶ್ನೆಗೆ ಸಮರ್ಪಕವಾದ ಉತ್ತರವು ದೊರೆಯುವುದಕ್ಕೆ ಮುಂಚೆಯೇ ಪರೀಕ್ಷೆಯು ಜಾರಿಗೆ ಬಂದಿತು. ೨೦೦೪ರಲ್ಲಿ ಸ್ಪೇನಿನ ಕಾಲ್ವಿಯಾದಲ್ಲಿ ನಡೆದ ಒಲಿಂಪಿಯಾಡಿನಲ್ಲಿ ಪಪುವಾ ನ್ಯೂಗಿನಿ, ಬರ್ಮುಡಾ ಎಂಬ ಚಿಕ್ಕ ದೇಶಗಳ ಇಬ್ಬರು ಆಟಗಾರರು ಪರೀಕ್ಷೆಗೆ ಒಪ್ಪದೆ, ತಾವು ಗಳಿಸಿದ್ದ ಅಂಕಗಳನ್ನು ಕಳೆದುಕೊಂಡರು. ೨೦೦೮ರಲ್ಲಿ ಡ್ರೆಸ್ಡನ್ ನಗರದಲ್ಲಿ ಉಕ್ರೇನಿನ ಪ್ರಸಿದ್ಧ ಆಟಗಾರನಾದ ಇವಾಂಚುಕನು ಕಡೆಯ ಆಟವನ್ನು ಸೋತ ವ್ಯಥೆಯಿಂದ ಪರೀಕ್ಷೆಗೆ ನಿಲ್ಲದೆ ಹೊರಟುಹೋದನು. ಅವನ ವಿಚಾರಣೆ ನಡೆದು, ಕ್ರಮದಲ್ಲಿ ಲೋಪವಿದ್ದಿತೆಂದು ಶಿಕ್ಷೆಯಿಲ್ಲದೆ ಬಿಟ್ಟರು. ಎರಡು ಪ್ರಕರಣಗಳ ವಿವರಗಳು ಬೇರೆಯಾಗಿದ್ದರೂ, ಒಲಿಂಪಿಕ್ ಆಸೆಯ ಹೊರೆಯು ಕಡೆಗೆ ಯಾರ ಹೆಗಲ ಮೇಲೆ ಬಿದ್ದಿತೆಂಬುದನ್ನು ಎರಡೂ ತೋರಿಸುತ್ತವೆ. ಆಡಳಿತಗಾರರು ಕೈಕೊಂಡ ನಿರ್ಣಯಕ್ಕೆ ಆಟಗಾರರು ಉತ್ತರವಾದಿಗಳಾದರು.

೭

ಭಾರತದಲ್ಲಿ ಈ ಪ್ರಶ್ನೆಯು ಬೇರೆ ರೀತಿಯಲ್ಲಿ ಬಗೆಹರಿಯಿತು. ಅಖಿಲ ಭಾರತ ಚದುರಂಗ ಸಂಘವು ೧೯೫೧ರಲ್ಲಿ ಸ್ಥಾಪಿತವಾಯಿತು. ೧೯೫೬ರ ಮಾಸ್ಕೋ ಒಲಿಂಪಿಯಾಡಿಗೆ ನಮ್ಮ ತಂಡವು ಮೊದಲ ಸಲ ಹೋಯಿತು. ಭಾರತ ಸರಕಾರವು ೧೯೬೧ರಲ್ಲಿ ಅರ್ಜುನ ಪ್ರಶಸ್ತಿಯನ್ನು ಸ್ಥಾಪಿಸಿದಾಗ ಮೊದಲ ವರ್ಷದಲ್ಲಿಯೇ ಚದುರಂಗದ ಮ್ಯಾನುಯೆಲ್ ಆರನ್ ಅವರಿಗೆ ಅದು ಸಂದಿತು. ಮುಂದೆ ಅತ್ಯುನ್ನತವಾದ ರಾಜೀವ ಗಾಂಧಿ ಖೇಲ್ ರತ್ನ ಪ್ರಶಸ್ತಿಯನ್ನು ೧೯೯೧-೯೨ರಲ್ಲಿ ಮೊಟ್ಟಮೊದಲು ಪಡೆದವರು ವಿಶ್ವನಾಥನ್ ಆನಂದ್. ಒಲಿಂಪಿಕ್ ಸಮಿತಿಯ ಮಾನ್ಯತೆಗೆ ೩೮ ವರ್ಷ ಮುಂಚೆಯೇ ನಮ್ಮ ಸರಕಾರವು ಚದುರಂಗದಾಟಗಾರನನ್ನು ಕ್ರೀಡಾಪಟುವೆಂದು ಗೌರವಿಸಿದ್ದಿತು.

ಇಂಗ್ಲೆಂಡಿನ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡಬಹುದು. ಅಲ್ಲಿಯ ೨೦೦೬ರ ಧರ್ಮಾದಾಯ ಕಾನೂನು, ದೇಹದ ಇಲ್ಲವೆ ಮನಸ್ಸಿನ ಕುಶಲತೆಯಿಂದ ಆರೋಗ್ಯವನ್ನು ವರ್ಧಿಸುವ ಆಟಗಳೆಲ್ಲವನ್ನೂ ಕ್ರೀಡೆಯೆಂದು ಲೆಕ್ಕಿಸಿತು. ಆದರೆ ಕ್ರೀಡೆಗಳಿಗೆ ಸಾರ್ವಜನಿಕ ಧನವನ್ನು ಹಂಚುವ ಸಂಸ್ಥೆಯು ಬುದ್ಧಿಯ ಆಟಗಳನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. ೨೦೧೫ರಲ್ಲಿ ಬ್ರಿಜ್ ಎಂಬ ಇಸ್ಪೀಟಾಟದವರು ಇದನ್ನು ಪ್ರಶ್ನಿಸಿದಾ‌ಗ ಉಚ್ಚ ನ್ಯಾಯಾಲಯವು ಸಂಸ್ಥೆಯ ಪಕ್ಷವನ್ನೇ ಎತ್ತಿಹಿಡಿಯಿತು. ಒಂದೇ ದೇಶದಲ್ಲಿ ಒಂದು ಕಾನೂನಿಗೆ ಕ್ರೀಡೆಯಾದುದು ಇನ್ನೊಂದು ಕಚೇರಿಗೆ ಕ್ರೀಡೆಯಲ್ಲ. ಧರ್ಮಾದಾಯದಲ್ಲಿ ಉದಾರವಾದ ಅರ್ಥವೂ ಧನವಿನಿಯೋಗದಲ್ಲಿ ಸಂಕುಚಿತವಾದ ಅರ್ಥವೂ ಅನುಕೂಲವೆಂದು ತೋರಿತು.

ಏಷ್ಯದ ಕ್ರೀಡಾಕೂಟದಲ್ಲಿಯೂ ಇಂತಹುದೇ ಅಸ್ಥಿರತೆಯನ್ನು ಕಾಣುತ್ತೇವೆ. ೨೦೦೬ರ ದೋಹಾ ಕೂಟದಲ್ಲಿ ಚದುರಂಗವು ಪದಕದ ಆಟವಾಯಿತು; ಅಲ್ಲಿ ಕೊನೇರು ಹಂಪಿಯವರು ಸ್ತ್ರೀಯರ ವಿಭಾಗದಲ್ಲಿಯೂ, ಭಾರತವು ಮಿಶ್ರತಂಡಗಳ ವಿಭಾಗದಲ್ಲಿಯೂ ಸುವರ್ಣಪದಕಗಳನ್ನು ಗೆದ್ದರು. ೨೦೧೦ರ ಗ್ವಾಂಗ್‌ಜೌ ಕೂಟದಲ್ಲಿಯೂ ಚದುರಂಗವಿದ್ದಿತು. ೨೦೧೪ರಲ್ಲಿಯೂ ೨೦೧೮ರಲ್ಲಿಯೂ ಅದನ್ನು ಕೈಬಿಟ್ಟರು. ೨೦೨೩ರಲ್ಲಿ ಹಾಂಗ್‌ಜೌ ನಗರದಲ್ಲಿ ಮತ್ತೆ ಸೇರಿಸಿದರು. ಈ ಹದಿನೇಳು ವರ್ಷಗಳಲ್ಲಿ ಆಟದ ನಿಯಮಗಳಲ್ಲಿ ಹೇಳಿಕೊಳ್ಳತಕ್ಕ ಮಾರ್ಪಾಡೇನೂ ಆಗಿರಲಿಲ್ಲ. ಬದಲಾದುದು ಆತಿಥೇಯ ನಗರಗಳ ಇಷ್ಟ ಮಾತ್ರ.

ಈಚಿನ ಘಟನೆಗಳಲ್ಲಿ ಒಂದನ್ನು ಇಲ್ಲಿ ಹೇಳದಿರಲಾಗದು. ೨೦೨೨ರ ಒಲಿಂಪಿಯಾಡು ಮಾಸ್ಕೋವಿನಲ್ಲಿ ನಡೆಯಬೇಕೆಂದು ನಿಶ್ಚಯವಾಗಿದ್ದಿತು. ಆ ವರ್ಷದ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿ ಹೋದುದರಿಂದ ಅದನ್ನು ಚೆನ್ನೈಗೆ ವರ್ಗಾಯಿಸಿದರು. ೧೮೦ಕ್ಕೂ ಹೆಚ್ಚು ದೇಶಗಳ ತಂಡಗಳು ಅಲ್ಲಿ ನೆರೆದುವು. ೧೯೨೭ರ ೧೬ ತಂಡಗಳಲ್ಲಿ ಭಾರತವಿರಲಿಲ್ಲ. ೨೦೨೨ರಲ್ಲಿ ಕೂಟವನ್ನು ನಡೆಸಿಕೊಟ್ಟುದೇ ಭಾರತ. ೨೦೨೪ರ ಬುಡಾಪೆಸ್ಟ್ ಒಲಿಂಪಿಯಾಡಿನಲ್ಲಿ ನಮ್ಮ ಎರಡು ತಂಡಗಳೂ ಸುವರ್ಣಪದಕಗಳನ್ನು ಗೆದ್ದುವು. ಅದೇ ವರ್ಷದ ಡಿಸೆಂಬರಿನಲ್ಲಿ ೧೮ ವರ್ಷದ ಗುಕೇಶರು ಸಿಂಗಪುರದಲ್ಲಿ ವಿಶ್ವವಿಜೇತರಾದರು. ಇವೆಲ್ಲವೂ ಒಲಿಂಪಿಕ್ ಕಾರ್ಯಕ್ರಮದ ಹೊರಗೇ ನಡೆದುವು.

೮

ಮೇಲಣ ವಿವೇಚನೆಯಿಂದ ಹೊರಡುವ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಚದುರಂಗವು ಕ್ರೀಡೆಯೋ ಅಲ್ಲವೋ ಎಂಬ ಪ್ರಶ್ನೆಗೆ ಈ ನೂರು ವರ್ಷಗಳಲ್ಲಿ ಕೊಟ್ಟ ಉತ್ತರಗಳು ಯಾವುವೂ ಆಟವನ್ನು ಪರೀಕ್ಷಿಸಿ ಕೊಟ್ಟುವಲ್ಲ. ಒಲಿಂಪಿಕ್ ಸಮಿತಿಗೆ ಮೊದಲು ತನ್ನ ಹವ್ಯಾಸಿತನದ ಆದರ್ಶವನ್ನೂ, ಆಮೇಲೆ ತನ್ನ ಕಾರ್ಯಕ್ರಮದ ಮಿತಿಯನ್ನೂ ಕಾಪಾಡಿಕೊಳ್ಳಬೇಕಾಗಿದ್ದಿತು. ಸೋವಿಯತ್ ಸರಕಾರಕ್ಕೆ ತನ್ನ ವ್ಯವಸ್ಥೆಯ ಮೇಲ್ಮೆಯನ್ನು ತೋರಿಸಬೇಕಾಗಿದ್ದಿತು. ಅವರವರ ಅಗತ್ಯವೇ ಅವರವರ ಲಕ್ಷಣವಾಕ್ಯವಾಯಿತು. ಹೀಗಿರುವುದರಿಂದ ಉತ್ತಮವಾದ ಲಕ್ಷಣವಾಕ್ಯವೊಂದನ್ನು ಕಂಡುಹಿಡಿದರೆ ವಿವಾದವು ತೀರುವುದೆಂದು ನಂಬುವುದು ವ್ಯರ್ಥ.

ಆದರೂ ಮಾನ್ಯತೆಯ ಹಂಬಲವು ಸಂಪೂರ್ಣವಾಗಿ ನಿಷ್ಫಲವಾಯಿತೆಂದು ನಾನು ಹೇಳಲಾರೆ. ಆ ಹಂಬಲವಿಲ್ಲದಿದ್ದರೆ ೧೯೨೪ರ ಸಂಘವಾಗಲಿ, ರಾಷ್ಟ್ರಗಳ ಒಲಿಂಪಿಯಾಡಾಗಲಿ ಹುಟ್ಟುತ್ತಿರಲಿಲ್ಲ. ಚಿಕ್ಕ ರಾಷ್ಟ್ರದ ಆಟಗಾರನೊಬ್ಬನು ವಿಶ್ವವಿಜೇತನ ಎದುರಿಗೆ ಕುಳಿತುಕೊಳ್ಳುವ ಅವಕಾಶವು ಆ ಕೂಟಗಳಿಂದಲೇ ದೊರೆತುದು. ದೋಷವಿರುವುದು ಹಂಬಲದಲ್ಲಲ್ಲ, ಕೊಡುವವನ ಇಷ್ಟಕ್ಕೆ ತಕ್ಕಂತೆ ತನ್ನ ಆಟಗಾರರನ್ನು ಕಟ್ಟಿಹಾಕಿದುದರಲ್ಲಿ.

ಸುಲ್ತಾನ್ ಖಾನನು ೧೯೬೬ರಲ್ಲಿ ತೀರಿಕೊಂಡನು. ೨೦೨೪ರಲ್ಲಿ, ಸಂಘದ ನೂರನೆಯ ವರ್ಷದಲ್ಲಿ, ಫಿಡೆಯು ಅವನಿಗೆ ಗೌರವ ಗ್ರಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟಿತು. ಅವನು ೧೯೩೦ರಲ್ಲಿ ಹ್ಯಾಂಬರ್ಗಿನಲ್ಲಿ ಆಡಿದ ಆಟಗಳು ಈ ಪದವಿಯಿಂದ ಒಂದು ನಡೆಯಷ್ಟೂ ಬದಲಾಗುವುದಿಲ್ಲ. ಅವು ಅಂದು ಎಷ್ಟು ಚೆನ್ನಾಗಿದ್ದುವೋ ಇಂದೂ ಅಷ್ಟೇ ಚೆನ್ನಾಗಿವೆ. ಆದರೆ ಪದವಿಯನ್ನು ಸ್ವೀಕರಿಸತಕ್ಕವನು ಇಲ್ಲ. ಮಾನ್ಯತೆಯ ಚರಿತ್ರೆಯನ್ನು ಬರೆಯುವವರು ಅದು ಬಂದ ತಾರೀಖನ್ನು ಮಾತ್ರವಲ್ಲದೆ, ಅದಕ್ಕಾಗಿ ಕಾಯುತ್ತಿದ್ದವರ ಆಯುಷ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇನೆ.